ರೆಕ್ಕೆ ಬಂದದ್ದು ಹೇಗೆ?



ಮಳೆ ಬಂದು ನಿಂತ ಸಂಜೆ. ಮನೆಯಲ್ಲಿ ದೀಪ ಹಚ್ಚಿದ್ದೀರಿ. ಎಲ್ಲಿಂದಲೋ ರೆಕ್ಕೆಯ ಹುಳಗಳು ಬಂದು ದೀಪಕ್ಕೆ ಮುತ್ತುತ್ತವೆ. ಅನ್ನದಾಗ ಬೀಳ್ತಾವ, ಸಾರಿನಾಗ ಬೀಳ್ತಾವ. ಬೆಳಗ್ಗೆ ಎದ್ದು ಕಸ ಗುಡಿಸಿದರೆ ಬರೀ ರೆಕ್ಕೆಗಳು. ಹುಳ ಎಲ್ಲಿ ಹೋಯಿತು? ರೆಕ್ಕೆ ಯಾಕೆ ಬಿಟ್ಟು ಹೋಯಿತು?

ಈ ಹುಳ ಬೇರೆ ಯಾವುದೂ ಅಲ್ಲ. ನಮ್ಮ ಬಾಗಿಲ ಚೌಕಟ್ಟು ತಿನ್ನುವ ಗೆದ್ದಲೇ. ಗೆದ್ದಲಿನಲ್ಲಿ ಕೆಲಸ ಮಾಡುವ ಹುಳಕ್ಕೆ ರೆಕ್ಕೆ ಇರುವುದಿಲ್ಲ. ಹೊಸ ಮನೆ ಕಟ್ಟಲು ಹೊರಡುವ ಗಂಡು ಹೆಣ್ಣಿಗೆ ಮಾತ್ರ ರೆಕ್ಕೆ ಇರುತ್ತದೆ. ಅವು ಒಂದು ಸಲ ಹಾರುತ್ತವೆ. ನೆಲಕ್ಕೆ ಇಳಿದ ಮೇಲೆ ರೆಕ್ಕೆ ಉದುರಿಸಿಬಿಡುತ್ತವೆ. ಜೋಡಿಯಾಗಿ ಮಣ್ಣಿನೊಳಗೆ ಹೋಗುತ್ತವೆ. ಆಮೇಲೆ ಜೀವನದಲ್ಲಿ ಮತ್ತೆ ಹಾರುವುದಿಲ್ಲ.

ಹಾಗಾದರೆ ರೆಕ್ಕೆ ಎಂದರೆ ಏನು? ಅದು ಯಾರಿಗೆ ಬಂತು, ಯಾವಾಗ ಬಂತು, ಹೇಗೆ ಬಂತು? ಇದನ್ನು ತಿಳಿದರೆ ನಮ್ಮ ನೆಲ್ಲಿನ ಗದ್ದೆಗೂ ಲಾಭವಿದೆ. ಹೇಗೆ ಎಂದು ಕೊನೆಗೆ ಹೇಳುತ್ತೇವೆ. ಮೊದಲು ಕಥೆ ಕೇಳಿರಿ.

ಮೊಳ ಹಾಕಿ ನೋಡೋಣ

ಹೂವನ್ನು ನಾವು ಮೊಳ ಹಾಕಿ ಕೊಳ್ಳುತ್ತೇವೆ. ಕಾಲವನ್ನೂ ಹಾಗೆಯೇ ಅಳೆಯೋಣ. ಒಂದು ಉದ್ದನೆಯ ಹಗ್ಗ ತೆಗೆದುಕೊಳ್ಳಿ. ಒಂದು ಮೊಳ ಎಂದರೆ ಒಂದು ಕೋಟಿ ವರ್ಷ ಎಂದು ತಿಳಿಯಿರಿ. ಹಗ್ಗದ ಈ ತುದಿ ಇವತ್ತು. ಇಲ್ಲಿಂದ ಹಿಂದಕ್ಕೆ ಅಳೆಯುತ್ತಾ ಹೋಗೋಣ.

ಮಸ್ಕಿಯ ಗುಡ್ಡದಲ್ಲಿ ಅಶೋಕ ಚಕ್ರವರ್ತಿ ಬರೆಸಿದ ಕಲ್ಲಿನ ಶಾಸನ ಇದೆ. 1915ರಲ್ಲಿ ಅದು ಜನರ ಕಣ್ಣಿಗೆ ಬಿತ್ತು. ಅಶೋಕ ಎಂಬ ಹೆಸರೇ ಅದರಲ್ಲಿ ಇದೆ. ಅದನ್ನು ಬರೆಸಿ ಸುಮಾರು 2,250 ವರ್ಷ ಆಯಿತು. ನಮಗೆ ಅದು ಬಹಳ ಹಳೆಯದು. ಆದರೆ ನಮ್ಮ ಹಗ್ಗದಲ್ಲಿ ಅದು ಎಷ್ಟು ದೂರ? ಒಂದು ತಲೆಗೂದಲಿನ ದಪ್ಪ. ಅಷ್ಟೇ!

ನಮ್ಮಂಥ ಮನುಷ್ಯರು ಹುಟ್ಟಿ ಸುಮಾರು ಮೂರು ಲಕ್ಷ ವರ್ಷ. ಹಗ್ಗದಲ್ಲಿ ಅದು ಒಂದು ಬೆರಳಿನ ಅಗಲ.

ಈಗ ಹಾರುವ ಜೀವಿಗಳ ಸರದಿ. ಬಾವಲಿ ಐದು ಮೊಳ ಹಿಂದೆ ಇತ್ತು. ಹಕ್ಕಿ ಹದಿನೈದು ಮೊಳ ಹಿಂದೆ ಇತ್ತು. ಹುಳಗಳು ಮೂವತ್ತೆರಡು ಮೊಳಕ್ಕೂ ಹಿಂದೆಯೇ ಹಾರುತ್ತಿದ್ದವು.

ಲಿಂಗಸುಗೂರು ತಾಲೂಕಿನ ಹಟ್ಟಿಯಿಂದ ಮಸ್ಕಿಯವರೆಗೆ ಚಿನ್ನ ಇರುವ ಕಲ್ಲಿನ ಪಟ್ಟಿ ಇದೆ. ಆ ಕಲ್ಲು 250 ಕೋಟಿ ವರ್ಷಕ್ಕಿಂತ ಹಳೆಯದು. ಹಗ್ಗದಲ್ಲಿ 250 ಮೊಳ! ಓಣಿಯ ಆ ತುದಿ ದಾಟಿ ಹೋಗುತ್ತದೆ. ಆ ಕಲ್ಲು ಹುಟ್ಟಿದಾಗ ಭೂಮಿಯ ಮೇಲೆ ಹಕ್ಕಿ ಇರಲಿಲ್ಲ, ಹುಳ ಇರಲಿಲ್ಲ, ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಆದ್ದರಿಂದಲೇ ಆ ಕಲ್ಲಿನಲ್ಲಿ ರೆಕ್ಕೆಯ ಗುರುತು ಹುಡುಕಿದರೂ ಸಿಗುವುದಿಲ್ಲ. ಬೇರೆ ದೇಶಗಳಲ್ಲಿ ಇದಕ್ಕಿಂತ ಹೊಸ ಕಲ್ಲುಗಳಿವೆ. ಕೆಸರಿನಲ್ಲಿ ಹೂತುಹೋದ ಪ್ರಾಣಿಗಳ ಮೂಳೆ, ರೆಕ್ಕೆಗಳ ಅಚ್ಚು ಅವುಗಳಲ್ಲಿ ಉಳಿದಿದೆ. ಅಂಥ ಗುರುತಿಗೆ ಪಳೆಯುಳಿಕೆ ಎನ್ನುತ್ತಾರೆ. ಅದನ್ನು ಓದಿಯೇ ಈ ಕಥೆ ತಿಳಿದದ್ದು. ನಾವು ಅಕ್ಷರ ಓದಿದ ಹಾಗೆ ಅವರು ಕಲ್ಲು ಓದಿದರು.

ನಾಲ್ಕು ಸಲ ಬಂದ ರೆಕ್ಕೆ

ರೆಕ್ಕೆ ಒಂದೇ ಸಲ ಹುಟ್ಟಿ ಎಲ್ಲರಿಗೂ ಹಂಚಿಕೆಯಾಗಲಿಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕುಲದಲ್ಲಿ ನಾಲ್ಕು ಸಲ ಬಂತು.

ಮೊದಲನೆಯವು ಹುಳಗಳು. ಸುಮಾರು ಹತ್ತು ಕೋಟಿ ವರ್ಷ ಆಕಾಶದಲ್ಲಿ ಅವುಗಳದ್ದೇ ರಾಜ್ಯ. ಬೇರೆ ಯಾರೂ ಹಾರುತ್ತಿರಲಿಲ್ಲ. ನೆಲ್ಲಿನ ಗದ್ದೆಯ ಮೇಲೆ ಏರೋಪ್ಲೇನ್ ಚಿಟ್ಟೆ ಹಾರುತ್ತದಲ್ಲ, ಅದನ್ನು ಹೋಲುವ ಹುಳಗಳು ಆಗ ಇದ್ದವು. ಕೆಲವಕ್ಕೆ ಈ ರೆಕ್ಕೆಯ ತುದಿಯಿಂದ ಆ ರೆಕ್ಕೆಯ ತುದಿಗೆ ಎರಡು ಅಡಿಗೂ ಹೆಚ್ಚು ಉದ್ದ! ಫ್ರಾನ್ಸ್ ದೇಶದ ಕಲ್ಲಿದ್ದಲ ಗಣಿಯಲ್ಲಿ ಅಂಥ ಹುಳದ ಅಚ್ಚು ಸಿಕ್ಕಿತು.

ಎರಡನೆಯವು ಹಾರುವ ಹಲ್ಲಿಯಂಥ ದೊಡ್ಡ ಪ್ರಾಣಿಗಳು. ಸುಮಾರು 22 ಕೋಟಿ ವರ್ಷದ ಹಿಂದೆ ಬಂದವು. ಕೆಲವಕ್ಕೆ ರೆಕ್ಕೆ ಚಾಚಿದರೆ 30 ಅಡಿಗೂ ಹೆಚ್ಚು ಅಗಲ. 6 ಕೋಟಿ 60 ಲಕ್ಷ ವರ್ಷದ ಹಿಂದೆ ಆಕಾಶದಿಂದ ದೊಡ್ಡದೊಂದು ಬಂಡೆ ಈಗಿನ ಮೆಕ್ಸಿಕೊ ದೇಶದ ಹತ್ತಿರ ಬಿತ್ತು. ಆ ಕಾಲಕ್ಕೆ ಇವು ಪೂರ್ತಿ ಅಳಿದುಹೋದವು. ಇವತ್ತು ಒಂದೂ ಇಲ್ಲ.

ಮೂರನೆಯವು ಹಕ್ಕಿಗಳು. ನಾಲ್ಕನೆಯದು ಬಾವಲಿ. ಬಾವಲಿ ಹಕ್ಕಿಯಲ್ಲ. ಅದು ಮರಿ ಹಾಕುತ್ತದೆ, ಮರಿಗೆ ಮೊಲೆ ಉಣಿಸುತ್ತದೆ. ನಮ್ಮ ಎಮ್ಮೆ, ಆಡುಗಳ ಹಾಗೆ ಅದೂ ಹಾಲೂಡುವ ತಾಯಿ.

ಕೈ ನೋಡಿಕೊಳ್ಳಿ, ರೆಕ್ಕೆ ತಿಳಿಯುತ್ತದೆ

ನಿಮ್ಮ ಕೈ ಚಾಚಿ ನೋಡಿರಿ. ಭುಜ ಇದೆ. ಮೊಣಕೈ ಇದೆ. ಮಣಿಕಟ್ಟು ಇದೆ. ಐದು ಬೆರಳು ಇವೆ.

ಬಾವಲಿಯ ರೆಕ್ಕೆಯಲ್ಲೂ ಇವೆಲ್ಲ ಇವೆ. ಅದರ ನಾಲ್ಕು ಬೆರಳು ಕೊಡೆಯ ಕಡ್ಡಿಯ ಹಾಗೆ ಉದ್ದ ಬೆಳೆದಿವೆ. ನಡುವೆ ತೆಳ್ಳಗಿನ ತೊಗಲು. ಅದಕ್ಕೇ ತೊಗಲು ಬಾವಲಿ ಎಂದು ಹೆಸರು. ಹೆಬ್ಬೆರಳು ಮಾತ್ರ ಗಿಡ್ಡದಾಗಿ ಉಗುರಿನೊಂದಿಗೆ ಹೊರಗೆ ಕಾಣುತ್ತದೆ.

ಕೋಳಿ ಅಡಿಗೆ ಮಾಡುವವರು ಅದರ ರೆಕ್ಕೆ ಬಿಡಿಸಿ ನೋಡಿರಿ. ಭುಜ, ಮೊಣಕೈ, ಮಣಿಕಟ್ಟು ಎಲ್ಲ ಸಿಗುತ್ತವೆ. ಬೆರಳುಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡು ಸಣ್ಣದಾಗಿವೆ. ಹಕ್ಕಿಗೆ ತೊಗಲಿನ ರೆಕ್ಕೆ ಇಲ್ಲ, ಗರಿಯ ರೆಕ್ಕೆ. ಎದೆಯ ಮೇಲೆ ದಪ್ಪ ಮಾಂಸ ಇರುತ್ತದಲ್ಲ, ಅದೇ ರೆಕ್ಕೆ ಬಡಿಯುವ ಮಾಂಸ.

ಹಳೆಯ ಕಾಲದ ಆ ಹಾರುವ ಪ್ರಾಣಿಗೆ ಒಂದೇ ಒಂದು ಬೆರಳು ಉದ್ದ ಬೆಳೆದಿತ್ತು. ಅದರ ಮೇಲೆ ರೆಕ್ಕೆಯ ತೊಗಲು ನಿಂತಿತ್ತು.

ನೋಡಿದಿರಾ? ಮೂರೂ ಕೈಗಳೇ. ಆದರೆ ಮೂರೂ ಬೇರೆ ಬೇರೆ ರೀತಿ ರೆಕ್ಕೆ ಆದವು. ಒಂದೇ ಸೀರೆಯನ್ನು ಒಬ್ಬಾಕೆ ಉಡುತ್ತಾಳೆ, ಒಬ್ಬಾಕೆ ಜೋಳಿಗೆ ಕಟ್ಟುತ್ತಾಳೆ, ಒಬ್ಬಾಕೆ ಕೌದಿಗೆ ಹಾಕುತ್ತಾಳೆ. ಹಾಗೆ.

ಹುಳದ ರೆಕ್ಕೆ ಮಾತ್ರ ಬೇರೆ. ಅದು ಕೈಯಲ್ಲ. ಹುಳಕ್ಕೆ ಆರು ಕಾಲು ಹಾಗೇ ಇವೆ. ರೆಕ್ಕೆಗಳು ಮೈಮೇಲಿನ ಗಟ್ಟಿ ಹೊದಿಕೆಯಿಂದ ಬೆಳೆದು ಬಂದಿವೆ. ಆ ರೆಕ್ಕೆಯ ಬಡಿತ ಎಷ್ಟು ಜೋರು ಗೊತ್ತೇ? ಸೊಳ್ಳೆ ಒಂದು ಸೆಕೆಂಡಿಗೆ 400ಕ್ಕೂ ಹೆಚ್ಚು ಸಲ ರೆಕ್ಕೆ ಬಡಿಯುತ್ತದೆ. ರಾತ್ರಿ ಕಿವಿಯ ಹತ್ತಿರ ಗುಂಯ್ ಎನ್ನುವುದು ಸೊಳ್ಳೆಯ ಬಾಯಿಯಲ್ಲ, ಅದರ ರೆಕ್ಕೆ.

ಬಂದದ್ದು ಹೇಗೆ?

ಹಾರಬೇಕೆಂದು ಆಸೆಪಟ್ಟು ಯಾವ ಪ್ರಾಣಿಯೂ ರೆಕ್ಕೆ ತರಿಸಿಕೊಳ್ಳಲಿಲ್ಲ. ಆಸೆಪಟ್ಟರೆ ರೆಕ್ಕೆ ಬರುವಂತಿದ್ದರೆ ನಮಗೂ ಬರುತ್ತಿತ್ತು!

ಇದು ಹೆಣ್ಣುಮಕ್ಕಳಿಗೆ ಬೇಗ ತಿಳಿಯುವ ಮಾತು. ಬೀಜದ ಜೋಳ ನಾವು ಹೇಗೆ ತೆಗೆಯುತ್ತೇವೆ? ರಾಶಿಯ ಮುಂಚೆ ಹೊಲದಲ್ಲಿ ತಿರುಗಾಡಿ ದೊಡ್ಡ ತೆನೆ, ಗಟ್ಟಿ ಕಾಳು ನೋಡಿ ಆರಿಸುತ್ತೇವೆ. ಮುಂದಿನ ವರ್ಷ ಅದನ್ನೇ ಬಿತ್ತುತ್ತೇವೆ. ತಾಯಿಯ ಗುಣ ಮಕ್ಕಳಿಗೆ ಬರುತ್ತದೆ. ನಮ್ಮ ಅಜ್ಜಿಯರು, ಅವರ ಅಜ್ಜಿಯರು ಹೀಗೆ ಆರಿಸುತ್ತಾ ಬಂದರು. ಸಣ್ಣ ಕಾಳಿನ ಕಾಡು ಹುಲ್ಲು ಹೋಗಿ ದೊಡ್ಡ ತೆನೆಯ ಜೋಳ ಆಯಿತು.

ಕಾಡಿನಲ್ಲಿ ಆರಿಸುವ ಕೈ ಇಲ್ಲ. ಅಲ್ಲಿ ಬದುಕೇ ಆರಿಸುತ್ತದೆ. ಒಂದೇ ತಾಯಿಯ ಮರಿಗಳು ಒಂದೇ ಥರ ಇರುವುದಿಲ್ಲ. ಸಣ್ಣ ಸಣ್ಣ ಫರಕು ಇರುತ್ತದೆ. ಯಾವ ಫರಕಿನಿಂದ ಜೀವ ಉಳಿಯಿತೋ ಆ ಮರಿ ದೊಡ್ಡದಾಗಿ ತಾನೂ ಮರಿ ಮಾಡುತ್ತದೆ. ಉಳಿಯದಿದ್ದದ್ದು ಮರಿ ಮಾಡುವುದಿಲ್ಲ. ಲಕ್ಷ ಲಕ್ಷ ತಲೆಮಾರು ಹೀಗೆ ನಡೆದರೆ ಸಣ್ಣ ಫರಕು ದೊಡ್ಡದಾಗುತ್ತದೆ. ಇದನ್ನೇ ಜೀವವಿಕಾಸ ಎನ್ನುತ್ತಾರೆ.

ಇಲ್ಲಿ ಒಬ್ಬ ಅಕ್ಕ ಕೇಳಬಹುದು: "ಅಲ್ರೀ, ಪೂರ್ತಿ ರೆಕ್ಕಿ ಇದ್ರ ಹಾರಬಹುದು. ಅರ್ಧ ರೆಕ್ಕಿ ಇದ್ರ ಏನು ಉಪಯೋಗ?"

ಒಳ್ಳೆಯ ಪ್ರಶ್ನೆ. ಉತ್ತರವೂ ಇದೆ.

ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಕ್ಯಾತ ಇದೆ. ಪೂರ್ಣಚಂದ್ರ ತೇಜಸ್ವಿ ಅವರ 'ಕರ್ವಾಲೊ' ಕಾದಂಬರಿಯಲ್ಲಿ ಹುಡುಕುತ್ತಾ ಹೋಗುವುದು ಇಂಥ ಹಾರುವ ಓತಿಯನ್ನೇ. ಅದರ ಪಕ್ಕೆಲುಬುಗಳು ಉದ್ದ ಬೆಳೆದು ಹೊರಗೆ ಚಾಚುತ್ತವೆ. ಮೇಲೆ ತೊಗಲು ಇದೆ. ಅದು ರೆಕ್ಕೆ ಬಡಿಯಲಾರದು. ಮರದಿಂದ ಮರಕ್ಕೆ ತೇಲಿಕೊಂಡು ಹೋಗುತ್ತದೆ, ಅಷ್ಟೇ. ಪೂರ್ತಿ ಹಾರಲು ಬರದಿದ್ದರೂ ಜೀವ ಉಳಿಯುತ್ತದೆ. ಅರ್ಧ ರೆಕ್ಕೆಗೂ ಬೆಲೆ ಇದೆ.

ಇನ್ನೊಂದು ನೋಡಿರಿ. 2003ರಲ್ಲಿ ಅಮೆರಿಕದ ಒಬ್ಬ ವಿಜ್ಞಾನಿ ಗೌಜಲ ಹಕ್ಕಿಯ ಜಾತಿಯ ಮರಿಗಳನ್ನು ಗಮನಿಸಿ ಬರೆದರು. ಹಾರಲು ಬರದ ಮರಿಗಳು ಕಡಿದಾದ ಏರು ಹತ್ತುವಾಗ ಗಿಡ್ಡ ರೆಕ್ಕೆ ಪಟಪಟ ಬಡಿಯುತ್ತಿದ್ದವು. ಅದರಿಂದ ಕಾಲಿಗೆ ಹಿಡಿತ ಸಿಗುತ್ತಿತ್ತು.

ಗರಿಯ ಮಾತು ಇನ್ನೂ ಸೋಜಿಗದ್ದು. ಗರಿ ಮೊದಲು ಬಂದದ್ದು ಹಾರಲಿಕ್ಕಲ್ಲ. ಡೈನೊಸಾರ್ ಎಂಬ ಪ್ರಾಣಿಗಳ ಹೆಸರನ್ನು ಮಕ್ಕಳ ಬಾಯಲ್ಲಿ ಕೇಳಿರುತ್ತೀರಿ. 1996ರಲ್ಲಿ ಚೀನಾ ದೇಶದಲ್ಲಿ ಮೈತುಂಬ ಗರಿಯಂಥ ನವಿರು ಇದ್ದ ಡೈನೊಸಾರಿನ ಪಳೆಯುಳಿಕೆ ತಿಳಿದುಬಂತು. ಅದು ಹಾರುವ ಪ್ರಾಣಿಯಲ್ಲ. ಅಂಥ ನವಿರು ಮೈ ಬೆಚ್ಚಗಿಡುತ್ತದೆ. ಆಮೇಲೆ ಆ ಕುಲದ ಕೆಲವು ಸಣ್ಣ ಪ್ರಾಣಿಗಳಲ್ಲಿ ಕೈಯ ಗರಿ ಉದ್ದವಾಯಿತು. 1861ರಲ್ಲಿ ಜರ್ಮನಿ ದೇಶದಲ್ಲಿ 15 ಕೋಟಿ ವರ್ಷ ಹಳೆಯ ಪಳೆಯುಳಿಕೆ ಸಿಕ್ಕಿತ್ತು. ಅದಕ್ಕೆ ಹಕ್ಕಿಯ ಗರಿ ಇತ್ತು. ಆದರೆ ಬಾಯಲ್ಲಿ ಹಲ್ಲು, ರೆಕ್ಕೆಯಲ್ಲಿ ಉಗುರು, ಮೂಳೆಯ ಉದ್ದ ಬಾಲವೂ ಇತ್ತು. ಅರ್ಧ ಹಳೆಯದು, ಅರ್ಧ ಹೊಸದು. ಅಂದರೆ ನಮ್ಮ ತಿಪ್ಪೆ ಕೆದರುವ ಕೋಳಿ ಡೈನೊಸಾರಿನ ವಂಶದ್ದು!

ರೆಕ್ಕೆಯ ಖರ್ಚು

ರೆಕ್ಕೆಯಿಂದ ಲಾಭ ಬಹಳ. ವೈರಿಯಿಂದ ತಪ್ಪಿಸಿಕೊಳ್ಳಬಹುದು. ದೂರದ ಮೇವು ಸಿಗುತ್ತದೆ. ಗೆರೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುತ್ತವೆ. ಚಳಿ ಮುಗಿದ ಮೇಲೆ ತಿರುಗಿ ಹೋಗುತ್ತವೆ.

ಆದರೆ ರೆಕ್ಕೆ ಪುಕ್ಕಟೆ ಬರುವುದಿಲ್ಲ. ರೆಕ್ಕೆ ಬೆಳೆಸಲು, ಅದರ ಮಾಂಸ ಸಾಕಲು ಬಹಳ ಆಹಾರ ಬೇಕು. ಸಂಸಾರದ ಲೆಕ್ಕದ ಹಾಗೆ. ಒಂದು ಕಡೆ ಹೆಚ್ಚು ಖರ್ಚಾದರೆ ಇನ್ನೊಂದು ಕಡೆ ಕಡಿಮೆ ಬೀಳುತ್ತದೆ. ಅದಕ್ಕೇ ಗೆದ್ದಲು ಕೆಲಸ ಮುಗಿದೊಡನೆ ರೆಕ್ಕೆ ಉದುರಿಸುವುದು.

ಈ ಲೆಕ್ಕವನ್ನು ಚೆನ್ನಾಗಿ ಬಲ್ಲ ಹುಳ ಒಂದು ನಮ್ಮ ಗದ್ದೆಯಲ್ಲೇ ಇದೆ. ಅದೇ ಕಂದು ಜಿಗಿಹುಳು.

ನೆಲ್ಲಿನ ಬುಡದಲ್ಲಿ ಜಿಗಿಹುಳು

ತುಂಗಭದ್ರಾ ಅಣೆಕಟ್ಟೆಯಲ್ಲಿ 1953ರಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆ ನೀರು ಬಂದ ಮೇಲೆ ಸಿಂಧನೂರು ಕಡೆ ನೆಲ್ಲು ಹೆಚ್ಚಿತು. ಎಕರೆಗಟ್ಟಲೆ ಒಂದೇ ಬೆಳೆ, ಸದಾ ನೀರು. ಜಿಗಿಹುಳಿಗೆ ಹಬ್ಬ.

ಈ ಹುಳ ಎಳ್ಳಿನಷ್ಟು ಸಣ್ಣದು. ಎಲೆಯ ಮೇಲೆ ಕೂಡುವುದಿಲ್ಲ. ನೀರಿನ ಹತ್ತಿರ ಬುಡದಲ್ಲಿ ಕೂತು ರಸ ಹೀರುತ್ತದೆ. ಬೆಳೆ ಅಲ್ಲಲ್ಲಿ ದುಂಡಗೆ ಒಣಗಿ ಬೆಂಕಿ ಬಿದ್ದ ಹಾಗೆ ಕಾಣುತ್ತದೆ.

ಇದರಲ್ಲಿ ಎರಡು ಥರ. ಒಂದಕ್ಕೆ ಗಿಡ್ಡ ರೆಕ್ಕೆ, ಒಂದಕ್ಕೆ ಉದ್ದ ರೆಕ್ಕೆ. ಬೆಳೆ ಹಸಿರಾಗಿ ಸೊಂಪಾಗಿದ್ದರೆ ಗಿಡ್ಡ ರೆಕ್ಕೆಯವು ಹೆಚ್ಚು. ಅವು ಹಾರಲಾರವು. ರೆಕ್ಕೆಯ ಖರ್ಚು ಉಳಿಸಿ ಹೆಚ್ಚು ಮೊಟ್ಟೆ ಇಡುತ್ತವೆ. ಹುಳ ಕಿಕ್ಕಿರಿದು, ಬೆಳೆ ಒಣಗತೊಡಗಿದರೆ ಉದ್ದ ರೆಕ್ಕೆಯವು ಹುಟ್ಟುತ್ತವೆ. ಅವು ಎದ್ದು ಬೇರೆ ಗದ್ದೆಗೆ ಹೋಗುತ್ತವೆ. ಗಾಳಿ ಸಿಕ್ಕರೆ ಸಮುದ್ರವನ್ನೂ ದಾಟುತ್ತವೆ. ಚೀನಾದಿಂದ ಜಪಾನ್ ದೇಶಕ್ಕೆ ಇವು ಗಾಳಿಯಲ್ಲಿ ಹೋಗುತ್ತವೆ.

ಅಂದರೆ ಒಬ್ಬರ ಗದ್ದೆ ಸುಟ್ಟರೆ ಅದು ಒಬ್ಬರದೇ ಚಿಂತೆಯಲ್ಲ. ಅಲ್ಲಿಂದ ಎದ್ದ ಹುಳ ಪಕ್ಕದ ಗದ್ದೆಗೂ ಬರುತ್ತದೆ.

ಎಣ್ಣೆ ಹೊಡೆದರೂ ಹುಳ ಯಾಕೆ ಸಾಯುವುದಿಲ್ಲ?

ಗದ್ದೆಯಲ್ಲಿ ಕಸ ತೆಗೆಯುವಾಗ ಈ ಮಾತು ಕೇಳಿರುತ್ತೀರಿ: "ಮೂರು ಸಲ ಎಣ್ಣಿ ಹೊಡದ್ವಿ, ಹುಳ ಇನ್ನಾ ಜಾಸ್ತಿ ಆದ್ವು."

ಇದಕ್ಕೆ ಎರಡು ಕಾರಣ.

ಒಂದು: ಎಣ್ಣೆ ಜಿಗಿಹುಳನ್ನು ಮಾತ್ರ ಕೊಲ್ಲುವುದಿಲ್ಲ. ಅದನ್ನು ತಿನ್ನುವ ಜೇಡ, ಏರೋಪ್ಲೇನ್ ಚಿಟ್ಟೆ, ಹಸಿರು ಬಣ್ಣದ ಸಣ್ಣ ತಿಗಣೆಯಂಥ ಹುಳ ಎಲ್ಲವನ್ನೂ ಕೊಲ್ಲುತ್ತದೆ. ಜಿಗಿಹುಳಿನ ಮೊಟ್ಟೆ ಗಿಡದೊಳಗೆ ಇರುತ್ತದೆ, ಉಳಿದುಕೊಳ್ಳುತ್ತದೆ. ಮರಿಗಳು ಹೊರಬಂದಾಗ ತಿನ್ನುವವರೇ ಇಲ್ಲ. ಇಂಡೋನೇಷ್ಯಾ ದೇಶಕ್ಕೆ ಇದೇ ಅನುಭವ ಆಯಿತು. 1986ರಲ್ಲಿ ಅಲ್ಲಿನ ಸರಕಾರ 57 ಥರದ ಎಣ್ಣೆಗಳನ್ನು ನೆಲ್ಲಿಗೆ ಹೊಡೆಯಬಾರದೆಂದು ನಿಲ್ಲಿಸಿತು.

ಎರಡು: ಬೀಜದ ಜೋಳ ಆರಿಸುವ ಮಾತು ನೆನಪಿದೆಯೇ? ಇಲ್ಲಿಯೂ ಅದೇ. ಲಕ್ಷ ಹುಳಗಳಲ್ಲಿ ಕೆಲವು ಆ ಎಣ್ಣೆ ತಡೆದುಕೊಳ್ಳುವ ಗುಣದವು ಇರುತ್ತವೆ. ಎಣ್ಣೆ ಬಿದ್ದಾಗ ಉಳಿದವು ಸಾಯುತ್ತವೆ, ಆ ಕೆಲವು ಬದುಕುತ್ತವೆ. ಅವುಗಳ ಮರಿಗೂ ಅದೇ ಗುಣ. ಸುಮಾರು ಒಂದು ತಿಂಗಳಿಗೆ ಒಂದು ತಲೆಮಾರು. ಮತ್ತೆ ಮತ್ತೆ ಅದೇ ಎಣ್ಣೆ ಹೊಡೆದರೆ ಗಟ್ಟಿ ಹುಳದ ಬೀಜವನ್ನು ನಾವೇ ಆರಿಸಿ ಬಿತ್ತಿದ ಹಾಗೆ. ಇಮಿಡಾಕ್ಲೋಪ್ರಿಡ್ ಎಂಬ ಔಷಧಿಗೆ ಏಷ್ಯಾದ ಹಲವು ದೇಶಗಳಲ್ಲಿ ಜಿಗಿಹುಳು ಹೀಗೆಯೇ ಒಗ್ಗಿಕೊಂಡಿತು.

ಕೋಟಿ ವರ್ಷದಲ್ಲಿ ರೆಕ್ಕೆ ತಂದ ನಿಯಮ, ಕೆಲವೇ ವರ್ಷದಲ್ಲಿ ನಮ್ಮ ಗದ್ದೆಯಲ್ಲಿ ಎಣ್ಣೆಗೆ ಸಾಯದ ಹುಳ ತರುತ್ತದೆ. ಎರಡೂ ಒಂದೇ ನಿಯಮ.

ನಾವು ಏನು ಮಾಡಬಹುದು?

ಗದ್ದೆಗೆ ಇಳಿದು ಬುಡ ನೋಡುವವರು ಯಾರು? ಹೆಣ್ಣುಮಕ್ಕಳೇ. ಸಸಿ ಹಚ್ಚುವವರು ನಾವು, ಕಸ ತೆಗೆಯುವವರು ನಾವು. ಹುಳ ಮೊದಲು ಕಾಣುವುದು ನಮ್ಮ ಕಣ್ಣಿಗೆ. ಆದ್ದರಿಂದ ಹೇಳುವ ಹಕ್ಕೂ ನಮಗಿದೆ.

ಸಸಿ ಹಚ್ಚುವಾಗ ಸುಮಾರು ಎರಡು ಮೀಟರಿಗೊಂದು ಕಡೆ ಒಂದು ಅಡಿ ದಾರಿ ಬಿಡಿ. ಗಾಳಿ ಬೆಳಕು ಬುಡಕ್ಕೆ ಹೋಗುತ್ತದೆ.

ಯೂರಿಯಾ ಅಳತೆ ಮೀರಿ ಹಾಕಬೇಡಿ. ಬೆಳೆ ಸೊಂಪಾದಷ್ಟೂ ಹುಳ ಹೆಚ್ಚು.

ವಾರಕ್ಕೊಮ್ಮೆ ಗಿಡ ಬಗ್ಗಿಸಿ ಬುಡ ತಟ್ಟಿ ನೋಡಿ. ನೀರಿನ ಮೇಲೆ ಹುಳ ಬೀಳುತ್ತವೆ. ಜೇಡ ಎಷ್ಟು, ಜಿಗಿಹುಳು ಎಷ್ಟು, ಎಣಿಸಿ. ಪಾಟಿಯ ಮೇಲೆ ಬರೆದಿಡಿ. ಕಲಿತ ಅಂಕಿ ಇದಕ್ಕೇ ಬಂದದ್ದು.

ಹುಳ ಹೆಚ್ಚಿದರೆ ಗದ್ದೆಯ ನೀರು ಬಸಿದು ಕೆಲವು ದಿನ ಆರಲು ಬಿಡಿ.

ಎಣ್ಣೆ ಬೇಕೇ, ಯಾವುದು ಬೇಕು ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಅಂಗಡಿಯವರ ಮಾತು ಒಂದೇ ಸಾಲದು. ಡಬ್ಬಿಯ ಮೇಲಿನ ಚೀಟಿ ನೀವೇ ಓದಿ. ಎಣ್ಣೆ ಹೊಡೆದ ಗದ್ದೆಗೆ ಕೂಡಲೇ ಇಳಿಯಬೇಡಿ.

ಬಾವಲಿಯನ್ನು ಅಪಶಕುನ ಎಂದು ಕೊಲ್ಲಬೇಡಿ. ಸಣ್ಣ ಬಾವಲಿಗಳು ರಾತ್ರಿಯೆಲ್ಲ ಹುಳ ತಿನ್ನುತ್ತವೆ. ಥಾಯ್ಲೆಂಡ್ ದೇಶದಲ್ಲಿ ಬಾವಲಿಗಳು ನೆಲ್ಲಿನ ಜಿಗಿಹುಳುಗಳನ್ನು ತಿನ್ನುವುದು ಕಂಡುಬಂದಿದೆ. ಆದರೆ ಬಾವಲಿಯನ್ನು ಬರಿಗೈಯಿಂದ ಮುಟ್ಟಬಾರದು. ಅದು ಕಚ್ಚಿ ಬಿಟ್ಟ ಹಣ್ಣು ತಿನ್ನಬಾರದು. ರೋಗ ಬರುವ ಭಯ ಇದೆ.

ಓದಿರಿ, ಮಾತಾಡಿರಿ

ಮುಂದಿನ ಸಲ ಗದ್ದೆಗೆ ಹೋದಾಗ ಸುತ್ತ ನೋಡಿರಿ. ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿ. ತಲೆಯ ಮೇಲೆ ಏರೋಪ್ಲೇನ್ ಚಿಟ್ಟೆ. ಕತ್ತಲಾದರೆ ಬಾವಲಿ. ಮೂರು ಕುಲ, ಮೂರು ಥರದ ರೆಕ್ಕೆ. ಮೂರೂ ಹುಳ ತಿಂದು ನಮ್ಮ ಅನ್ನ ಕಾಯುತ್ತಿವೆ.

ನಿಮ್ಮ ಕೇಂದ್ರದಲ್ಲಿ ಸೇರಿದಾಗ ಇವನ್ನು ಮಾತಾಡಿರಿ.

1. ಬಾವಲಿ ಹಕ್ಕಿಯಲ್ಲ. ಯಾಕೆ?
2. ಬೀಜದ ಜೋಳ ಆರಿಸುವುದಕ್ಕೂ ರೆಕ್ಕೆ ಬಂದದ್ದಕ್ಕೂ ಏನು ಹೋಲಿಕೆ?
3. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಹೊಡೆದರೆ ಏನಾಗುತ್ತದೆ?
4. ನಿಮ್ಮ ಊರಿನಲ್ಲಿ ಹಾರುವ ಜೀವಿಗಳು ಯಾವುವು? ಹತ್ತು ಹೆಸರು ಬರೆಯಿರಿ. ಅವು ಏನು ತಿನ್ನುತ್ತವೆ ಎಂದೂ ಬರೆಯಿರಿ.